ಅಣ್ಣ ಬರೆದ ಪುಟಗಳ ಮೇಲೆ

ಜನವರಿ 12, ಭಾನುವಾರ, ಮಧ್ಯಾಹ್ನ 2

ಡ್ರಾಯಿಂಗ್ ಕ್ಲಾಸಿನಿಂದ ಈಗ ಬಂದೆ. ಮೂರನೇ ವಾರವೂ ಚೆಂಡಿನ ಶೇಡಿಂಗ್. ನನ್ನದು ಇವತ್ತೂ ಆಲೂಗಡ್ಡೆಯೇ. ಬಿಳಿ ಹಾಳೆ ಕೆಡಿಸಲು ಮನಸ್ಸು ಬರುವುದಿಲ್ಲ ಎಂದೆ. ಮೇಡಂ ನಕ್ಕು, ಹಳೇ ಪುಸ್ತಕದ ಪುಟಗಳ ಮೇಲೆ ಬರೆಯಿರಿ, ಕೆಡುತ್ತದೆ ಅನ್ನುವ ಭಯ ಇರುವುದಿಲ್ಲ ಎಂದರು. ಮನೆಯಲ್ಲಿ ಪುಸ್ತಕ ಇದೆಯೇ ಎಂದು ಕೇಳಿದರು.

ಇದೆ. ಎರಡು ಕಟ್ಟು. ಅಮ್ಮನ ಮಂಚದ ಕೆಳಗೆ. ಅಮ್ಮ ತೀರಿಕೊಂಡ ಮೇಲೆ, ಅವಳನ್ನು ತಾನು ನೋಡಿಕೊಂಡ ಬಗ್ಗೆ ಅಣ್ಣ ಬರೆದ ಪುಸ್ತಕ. ಮಾರಾಟವಾಗದೆ ಉಳಿದದ್ದನ್ನು ಆರು ವರ್ಷದ ಹಿಂದೆ ಇಲ್ಲಿ ತಂದು ಹಾಕಿದ. ಸ್ವಲ್ಪ ದಿನ ಇಟ್ಟುಕೋ ಎಂದ. ಇಟ್ಟುಕೊಂಡೆ. ಅಮ್ಮನನ್ನು ಇಟ್ಟುಕೊಂಡ ಹಾಗೆಯೇ.

ಜನವರಿ 14, ಬೆಳಿಗ್ಗೆ

ಕಟ್ಟು ಬಿಚ್ಚಿದೆ. ಅಂಚು ಹಳದಿಯಾಗಿದೆ. ಪುಟ ಹರಿಯಲು ಕೈ ಬರಲಿಲ್ಲ. 43ನೇ ಪುಟ ಓದಿದೆ. ಕೈ ಬಂತು.

‘ನಾನು ರಾತ್ರಿಯಿಡೀ ಅಮ್ಮನ ಕಾಲು ಒತ್ತುತ್ತಾ ಕುಳಿತಿರುತ್ತಿದ್ದೆ.’

ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದಳು. ಅಣ್ಣ ಬಂದದ್ದು ನಾಲ್ಕು ಸಲ. ನಾಲ್ಕು ಸಲವೂ ಸಂಜೆ ಬಸ್ಸಿಗೆ ವಾಪಸ್. ಇಡೀ ಪುಸ್ತಕದಲ್ಲಿ ನನಗೆ ಒಂದು ಸಾಲು — ‘ತಂಗಿಯೂ ಕೈಲಾದಷ್ಟು ನೆರವಾದಳು.’

ಕೈಲಾದಷ್ಟು!

ಆ ಪುಟದ ಮೇಲೆ ಇಂಕಿನಲ್ಲಿ ಕಮೋಡ್ ಕುರ್ಚಿ ಬರೆದೆ. ಕಾಗದ ಇಂಕು ಕುಡಿದುಬಿಟ್ಟಿತು. ಕುರ್ಚಿಗೆ ಆನೆಕಾಲು.

ಫೆಬ್ರವರಿ 2, ಭಾನುವಾರ

ಎರಡು ಪುಟ ಸೇರಿಸಿ ಅಂಟಿಸಬೇಕಂತೆ. ಮೇಲೆ ನೀರು ಬೆರೆಸಿದ ಬಿಳಿ ಬಣ್ಣ, ತೆಳ್ಳಗೆ. ಅಕ್ಷರ ಮಂಜಿನೊಳಗಿಂದ ಕಂಡ ಹಾಗೆ ಕಾಣುತ್ತದೆ. ಆಮೇಲೆ ಇಂಕು ಹರಡುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಟೈಲರ್ ಅಂಗಡಿಯಲ್ಲಿ ಬಟ್ಟೆಯ ಮೇಲೆ ಚಾಕ್ ಗೆರೆ ಎಳೆದ ಕೈ ಇದು. ಬಟ್ಟೆ ಅಂದುಕೊಂಡರೆ ಗೆರೆ ನೆಟ್ಟಗೆ ಬರುತ್ತದೆ. ಬೆಡ್‌ಪ್ಯಾನ್ ಬಂತು. ಹಗ್ಗದ ಮೇಲೆ ಒದ್ದೆ ಬೆಡ್‌ಶೀಟ್ ಬಂತು. ನನ್ನ ಎಡಗೈಯೂ ಬಂತು, ಬೆರಳು ಆರಾದರೂ.

ಒಂದು ಪುಟದಲ್ಲಿ ಹನ್ನೊಂದು ‘ನಾನು’. ಎಣಿಸಿದೆ. ಒಂದೊಂದರ ಮೇಲೂ ಒಂದೊಂದು ಕರಿ ಗುಂಡಿ ಬರೆದೆ. ನಾಲ್ಕು ತೂತಿನವು. ದಾರ ಸಮೇತ, ಬಿಗಿಯಾಗಿ.

ಎಷ್ಟೋ ವರ್ಷದ ಮೇಲೆ ಹೊಟ್ಟೆ ತಣ್ಣಗಾಯಿತು.

ಫೆಬ್ರವರಿ 16, ಭಾನುವಾರ

ಮೇಡಂ ಪುಟಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದರು. ಯಾರ ಪುಸ್ತಕ ಎಂದು ಕೇಳಿದರು. ಹೇಳಿದೆ. “ಕೋಪದಲ್ಲಿ ಗೆರೆ ಚೆನ್ನಾಗಿ ಬರ್ತಿದೆ. ಆದ್ರೆ ಎಲ್ಲಾ ಕಡೆ ಒಂದೇ ಸಮ ಒತ್ತಬೇಡಿ, ಪೇಪರ್ ಹರಿಯುತ್ತೆ” ಎಂದರು.

ಮುಂದಿನ ತಿಂಗಳು ಕ್ಲಾಸಿನ ಹಾಲ್‌ನಲ್ಲೇ ಪ್ರದರ್ಶನ. ನನ್ನದು ಇಪ್ಪತ್ತು ಪುಟ. ಅಣ್ಣನಿಗೆ ನಾನೇ ಫೋನ್ ಮಾಡಿದೆ. ತನ್ನ ಪುಸ್ತಕಕ್ಕೆ ಚಿತ್ರ ಎಂದು ಕೇಳಿ ಉಬ್ಬಿಹೋದ. ಅತ್ತಿಗೆಯನ್ನೂ, ಪುಸ್ತಕ ಬಿಡುಗಡೆಯ ದಿನ ಭಾಷಣ ಮಾಡಿದ್ದ ಇಬ್ಬರು ಗೆಳೆಯರನ್ನೂ ಕರೆತರಲೇ ಎಂದ.

“ಕರ್ಕೊಂಡು ಬಾ ಅಣ್ಣ. ಎಷ್ಟು ಜನ ಆದ್ರೂ ಸರಿ.”

ಮಾರ್ಚ್ 23, ಭಾನುವಾರ, ಸಂಜೆ 5

ಬಂದ. ಇಸ್ತ್ರಿ ಮಾಡಿದ ಅಂಗಿ. ಮೊದಲ ಪುಟದ ಮುಂದೆ ನಗುತ್ತಾ ನಿಂತ. ನಾಲ್ಕನೆಯದರ ಹೊತ್ತಿಗೆ ನಗು ಇಂಗಿತ್ತು. ಆ ಪುಟದಲ್ಲಿ ಒಂಬತ್ತು ಕ್ಯಾಲೆಂಡರ್, ನಾಲ್ಕು ಬಸ್ ಟಿಕೆಟ್. ಗೆಳೆಯರಲ್ಲಿ ಒಬ್ಬರು ಕನ್ನಡಕ ಸರಿಮಾಡಿಕೊಂಡು, ನಾಲ್ಕೇ ಸಲವೇ ಎಂದು ನನ್ನನ್ನೇ ಕೇಳಿದರು. ಹೌದೆಂದೆ. ಅತ್ತಿಗೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತರು.

ಅಣ್ಣ ಇಪ್ಪತ್ತೂ ನೋಡಿದ. ನಿಧಾನವಾಗಿ. ಅವನು ರೇಗಿದರೆ ಏನು ಹೇಳಬೇಕೆಂದು ತಿಂಗಳಿನಿಂದ ಬಾಯಿಪಾಠ ಮಾಡಿದ್ದೆ. ರೇಗಲಿಲ್ಲ.

“ಅಮ್ಮ ಎಲ್ಲಿ?” ಎಂದ.

ಅರ್ಥವಾಗಲಿಲ್ಲ.

“ಕುರ್ಚಿ ಇದೆ, ಬೆಡ್‌ಶೀಟ್ ಇದೆ, ನಿನ್ನ ಕೈ ಇದೆ. ಅಮ್ಮನ ಮುಖ ಎಲ್ಲೂ ಇಲ್ವಲ್ಲ.”

“ನಿನ್ನ ಪುಸ್ತಕದಲ್ಲಿ ಇದ್ದಾಳಾ?”

ನೆಲ ನೋಡಿದ. “ಇಲ್ಲ ಕಣೇ. ಅಲ್ಲೂ ಇಲ್ಲ.”

ಹೊರಟ. ಗೆಳೆಯರು ಅವನಿಗಾಗಿ ಕಾಯದೆ ಮುಂದೆ ಮುಂದೆ ಇಳಿದು ಹೋದರು. ಕಿಟಕಿಯಿಂದ ನೋಡಿದೆ. ಖುಷಿಯಾಯಿತು. ಇಲ್ಲಿ ಸುಳ್ಳು ಬರೆದು ಏನಾಗಬೇಕು? ತುಂಬಾ ಖುಷಿಯಾಯಿತು.

ಮಾರ್ಚ್ 24, ಬೆಳಿಗ್ಗೆ 8

ಅಂಗಡಿಗೆ ರಜೆ ಹೇಳಿದೆ.

ಅವನ ಮಾತಿಗಲ್ಲ. ಅಮ್ಮನ ಮುಖ ಬರೆಯಲು ನನಗೆ ಬರುತ್ತದೆಂದು ತೋರಿಸಲು ಕುಳಿತೆ. ಹಣೆ ಬಂತು. ಕೂದಲು ಬಂತು. ಗೋಡೆಯ ಫೋಟೋದಲ್ಲಿರುವುದು ನಲವತ್ತರ ಅಮ್ಮ. ಕೊನೆಯ ಒಂಬತ್ತು ವರ್ಷದ ಮುಖದ ಫೋಟೋ ಯಾರೂ ತೆಗೆದಿಲ್ಲ. ತುತ್ತು ಇಡುವಾಗ ಬಾಯಿ ನೋಡಿದ್ದೆ. ಒರೆಸುವಾಗ ಗಲ್ಲ ನೋಡಿದ್ದೆ. ಕಣ್ಣು...

ಒಂದು ಸಲ ನೋಡಿದ್ದೇನೆ. ನೀರಿನ ಲೋಟ ಗೋಡೆಗೆ ಎಸೆದು, ‘ಇನ್ನೂ ಎಷ್ಟು ವರ್ಷ’ ಎಂದು ನಾನು ಕೂಗಿದ ದಿನ. ಆಗ ನನ್ನತ್ತ ತಿರುಗಿದ ಕಣ್ಣು. ಅಣ್ಣ ಅದನ್ನು ಬರೆದಿಲ್ಲ, ಅವನಿಗೆ ಗೊತ್ತಿಲ್ಲ. ಇಪ್ಪತ್ತು ಪುಟದಲ್ಲಿ ನಾನೂ ಬರೆದಿಲ್ಲ.

ಪೆನ್ಸಿಲ್ ಚೂಪು ಮಾಡಿಕೊಂಡೆ. ಎಡಗಣ್ಣು ಮೊದಲು. ರೆಪ್ಪೆ ಸ್ವಲ್ಪ ಇಳಿದಿತ್ತು. ಹೆದರಿದ್ದಳೇ... ಇಲ್ಲ, ಹೆದರಿಕೆಯಲ್ಲ, ಅವಳು ನನ್ನನ್ನು ಕಂಡು ಮರುಗಿದ್ದಳು.