ಡಾಕ್ಟರು ಮಾಡಿಸಿದ ಲಗ್ನ

೧೬ ನವೆಂಬರ್ ೧೯೯೩, ಮಂಗಳವಾರ
ಬೇಡಕಿಹಾಳ

ಹೆದರಿಕೆ ಇನ್ನೂ ಪೂರ್ತಿ ಇಳಿದಿಲ್ಲ. ಬೆಳಿಗ್ಗೆ ಇವರು ಭಕ್ರಿ ತಿಂದು, ಹೃದಯದ ಗುಳಿಗೆ ನುಂಗಿ, ಸ್ವಲ್ಪ ಹೊತ್ತು ಕುಳಿತಿದ್ದರು. ಚಾದ ಕಪ್ಪು ಹಿಡಿದು ಮಣೆಯಿಂದ ಏಳಲು ಹೋದವರು ಹಾಗೆಯೇ ನನ್ನ ಮೇಲೆ ವಾಲಿದರು. ಮೈಯೆಲ್ಲ ತಣ್ಣನೆಯ ಬೆವರು. ಎಲ್ಲ ಮುಗಿಯಿತು ಅಂದುಕೊಂಡೆ. ಕಣ್ಣು ತೆರೆದವರೇ, "ಚಾ ಚೆಲ್ಲಿತೇನ?" ಅಂದರು. ಅಳುತ್ತಲೇ ನಕ್ಕುಬಿಟ್ಟೆ.

ನಿಪ್ಪಾಣಿಯ ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. "ಎದಿಗೆ ಏನೂ ಆಗಿಲ್ರಿ. ಗುಳಿಗಿ ಜಾಸ್ತಿ ಆಗಿ ಬಿಪಿ ಇಳದೈತಿ. ನಾಳಿಂದ ಅರ್ಧಾ ತಗೋರಿ, ಸಾವಕಾಶ ಏಳ್ರಿ. ಸ್ವಲ್ಪ ದಿನ ಇವರ ಕೈ ಹಿಡಕೊಂಡ ಅಡ್ಡಾಡ್ರಿ" ಅಂತ ನನ್ನತ್ತ ತೋರಿಸಿದರು.

ಲಗ್ನವಾದಾಗಿನಿಂದ ಇವರು ನಾಲ್ಕು ಜನರ ಮುಂದೆ ನನ್ನ ಪಕ್ಕ ನಡೆದವರೇ ಅಲ್ಲ. ಬಸದಿಗೆ ಹೋಗುವಾಗಲೂ ಮುಂದೆ ಇವರು, ಹಿಂದೆ ನಾನು. ಇವತ್ತು ಬಸ್ಸಿಳಿದು ಓಣಿಯುದ್ದಕ್ಕೂ ನನ್ನ ಕೈ ಹಿಡಿದೇ ಬಂದರು. ಕಟ್ಟೆಯ ಮೇಲೆ ಕುಳಿತಿದ್ದ ನೆರೆಮನೆಯ ಲಕ್ಷ್ಮಿಬಾಯಿ ಸುಮ್ಮನಿರಲಿಲ್ಲ.

"ಏನ್ ಜಯಪಾಲಣ್ಣಾ, ಹೊಸಾ ಲಗ್ನಾ ಏನ?"

ನಾಚಿಕೆಯಾಗಿ ಕೈ ಬಿಡಿಸಿಕೊಳ್ಳಲು ನೋಡಿದೆ. ಇವರು ಇನ್ನೂ ಗಟ್ಟಿಯಾಗಿ ಹಿಡಿದರು.

"ಹೌದ ಅಕ್ಕಾ. ಡಾಕ್ಟರ ಮಾಡಿಸ್ಯಾರ."

ಓಣಿಯವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ನಡೆದೆ, ಆದರೆ ಮನೆ ಇಷ್ಟು ಬೇಗ ಯಾಕೆ ಬಂತು ಅನ್ನಿಸಿತು.

ಅರ್ಧ ಗುಳಿಗೆ ಒಗ್ಗಿದರೆ ತಲೆ ತಿರುಗುವುದು ನಿಲ್ಲುತ್ತದಂತೆ. ಬೇಗ ನಿಲ್ಲಲಿ, ಪಾರ್ಶ್ವನಾಥ ಸ್ವಾಮೀ. ಇನ್ನೊಂದನ್ನು ಬೇಡಿಕೊಳ್ಳಲು ಈ ವಯಸ್ಸಿನಲ್ಲಿ ಸಂಕೋಚ. ಇವರು ಎಚ್ಚರಾದರು, ನೀರು ಬೇಕೇನೋ. ಏಳದೆ, ಕೈ ಮಾತ್ರ ಚಾಚಿ ಕಾಯುತ್ತಿದ್ದಾರೆ, ನಾನು ಹಿಡಿಯಲಿ ಅಂತ.