ಕೆಂಪು ಕೈಗವಸಿನ ತೀರ್ಪು

ಅಕ್ಕಾ,

ಸೋತೆ ಕಣೇ. ನೀನು ಹೆಣೆದುಕೊಟ್ಟ ಕೈಗವಸು ಕಂದು ಬಣ್ಣದ್ದು ಅಂತ ಜಗಳ ಆಡಿದ್ದೆನಲ್ಲ, ಅದು ಕೆಂಪೇ.

ಇಲ್ಲಿ ನಮ್ಮ ಕಾರ್ಖಾನೆಯಲ್ಲಿ ಟೊಮೆಟೊ ಆರಿಸೋದು ಕ್ಯಾಮೆರಾ; ಅದು ಹಣ್ಣು ಅಂದಿದ್ದನ್ನ ಯಂತ್ರ ಒಂದು ಬುಟ್ಟಿಗೆ ತಳ್ಳುತ್ತೆ, ಕಾಯಿ ಅಂದಿದ್ದನ್ನ ಇನ್ನೊಂದಕ್ಕೆ. ಮಬ್ಬು ಬೆಳಕಲ್ಲಿ ಅದು ಹಣ್ಣನ್ನೂ ಕಾಯಿ ಅಂತಿತ್ತು, ನನ್ನ ಗವಸನ್ನಂತೂ ಮೂಸಿಯೂ ನೋಡ್ತಿರಲಿಲ್ಲ. ನಿನ್ನೆ ಎಂಜಿನಿಯರಮ್ಮ ಬಂದು ಚಿತ್ರದಲ್ಲಿ ಬೆಳಕಿನ ಲೆಕ್ಕವೇ ಬೇರೆ, ಬಣ್ಣದ ಲೆಕ್ಕವೇ ಬೇರೆ ಮಾಡಿಟ್ಟರು. "ಇನ್ನು ಮಬ್ಬಾದರೂ ಕೆಂಪು ಕೆಂಪೇ" ಅಂದರು. ಇವತ್ತು ಟೊಮೆಟೊ ಸಾಗೋ ಬೆಲ್ಟಿನ ಮೇಲಿದ್ದ ಎಲೆ ತೆಗೆಯೋಕೆ ಕೈ ಚಾಚಿದೆ ನೋಡು, ಯಂತ್ರ ಫಟ್ ಅಂತ ನನ್ನ ಕೈಯನ್ನೇ ಹಣ್ಣಿನ ಬುಟ್ಟಿಗೆ ತಳ್ಳಿತು! ಎಲ್ಲರೂ ಬಿದ್ದು ಬಿದ್ದು ನಕ್ಕರು.

ಗಾಬರಿಯಾಗಬೇಡ, ಮಣಿಕಟ್ಟು ಸ್ವಲ್ಪ ಊದಿದೆ ಅಷ್ಟೇ. ಚಳಿ ವಿಪರೀತ, ಬೇಗ ನೀಲಿ ಗವಸು ಹೆಣೆದು ಕಳಿಸು. ಹಸಿರು ಮಾತ್ರ ಬೇಡ ಕಣೇ, ಪಕ್ಕದಲ್ಲೇ ಕಾಯಿ ಬುಟ್ಟಿ ಬಾಯಿ ತೆರೆದು ಕೂತಿದೆ.

ನಿನ್ನ ತಂಗಿ