ಹಸಿರು ಕೊಕ್ಕಿನ ಕೆಂಪು ಗಿಳಿ

ಗೋಕಾಕ, ೧೨ ಜೂನ್ ೧೯೩೧

ಹುಕ್ಕೇರಿಯ ಮಾಲೀಕ ಅಪ್ಪಣ್ಣನವರಿಗೆ ಶರಣು.

ಜಗತ್ತಿನ ಇತಿಹಾಸದಲ್ಲೇ ಮೊದಲ ಬಾರಿಗೆ, ತಮ್ಮ ಗೊಂಬೆ ಕಾರಖಾನೆಯಲ್ಲಿ ಹಸಿರು ಕೊಕ್ಕಿನ ಕೆಂಪು ಗಿಳಿಗಳು ಅವತರಿಸಿವೆ. ಬಣ್ಣ ಬಳಿಯುವ ಪರಸಪ್ಪನನ್ನು ಕೆಲಸದಿಂದ ತೆಗೆಯಿರೆಂಬ ತಮ್ಮ ಹುಕುಂ ತಲುಪಿತು. ಬೈಗುಳ ಬಾಯಿಪಾಠ ಮಾಡಿಕೊಂಡು ಹೋದವನು ಅವನ ಮುಖ ನೋಡಿ, “ಏನಾತ ಪರಸಪ್ಪ, ಹೇಳಪಾ” ಎಂದಷ್ಟೇ ಕೇಳಿದೆ.

“ಕೆಂಪು, ಹಸಿರು ನನಗ ಒಂದ ಕಾಣತಾವ್ರಿ. ಇಪ್ಪತ್ತು ವರ್ಷ ಬಣ್ಣದ ಕುಡಿಕಿ ಇಟ್ಟ ಜಾಗಾ ನೋಡೇ ಹಚ್ಚೇನಿ. ಹ್ವಾದ ವಾರ ಅವನ್ನ ಸರಿಸಿದವರು ನೀವ ಅಲ್ಲೇನ್ರಿ?”

ಕಪಾಟು ಒಪ್ಪ ಮಾಡಿದ ಆ ಪರಾಕ್ರಮ ನನ್ನದೇ. ಕುಡಿಕೆಗಳನ್ನು ಹಳೆಯ ಜಾಗದಲ್ಲಿಟ್ಟೆ; ಗಿಳಿಗಳು ಹಸಿರಾದವು.

ತಮ್ಮ ಹುಕುಂ ಅವನಿಗೆ ತೋರಿಸದೆ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿದ್ದೇನೆ. ಅದನ್ನು ರದ್ದುಪಡಿಸಿ ನಾಳಿನ ಟಪಾಲಿಗೇ ಎರಡು ಸಾಲು ಬರೆಯಿರಿ. ಅಂಗಿ ಒಗೆಯಲು ಹಾಕಬೇಕಾಗಿದೆ.

ತಮ್ಮ ವಿಧೇಯ,
ವೀರಭದ್ರಪ್ಪ, ಮುಕಾದಮ